ಅಮಾಸಿ ದಿನ ನಿಲ್ಲುವ ಇಂಟರ್ನೆಟ್ಟು

ನಮ್ಮ ಮನೆಯ ಇಂಟರ್ನೆಟ್ಟಿಗೆ ಪಂಚಾಂಗ ಗೊತ್ತಾಗುತ್ತದೆ ಎಂದು ಮೊದಲು ಹೇಳಿದವನು ಲೈನ್‌ಮನ್. ಚೇಷ್ಟೆಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಅವನು ನಮ್ಮ ಪಡಸಾಲೆಯಲ್ಲಿ ಅಪ್ಪನ ಗಾದಿಯ ಮೇಲೆ ಕೂತು, ನಮ್ಮ ಚಹಾ ಕುಡಿಯುತ್ತ, ವೈದ್ಯರು ರೋಗದ ಹೆಸರು ಹೇಳುವ ಗತ್ತಿನಲ್ಲಿ ಹೇಳಿದ:

"ಅಮಾಸಿ ಇತ್ತಲ್ರೀ ನಿನ್ನಿ. ಅಮಾಸಿ ದಿನ ಲೈನ್ ಹಂಗ ಆಗ್ತಾವ."

"ಯಾಕ ಆಗ್ತಾವ?" ಎಂದೆ.

"ಆಗ್ತಾವವಾ. ಹದಿನೈದು ವರ್ಷ ಕಂಬ ಹತ್ತೀನಿ."

"ಕಂಬ ಹತ್ತಿದ್ದು ಪ್ರಮಾಣ ಅಲ್ಲ. ಮಂಗ್ಯಾನೂ ಹತ್ತತೈತಿ."

ಅಪ್ಪ ನನ್ನತ್ತ ಕಣ್ಣು ಕಿಸಿದ. ಲೈನ್‌ಮನ್ ಚಹಾದ ಬಸಿ ಕೆಳಗಿಟ್ಟು ಅಪ್ಪನ ಕಡೆ ತಿರುಗಿ ಹೇಳಿದ: "ಕಾಲೇಜ್ ಕಲಿಸಿದ್ರ ಹಿಂಗರಿ."

ಆಗ ನಾನು ಹುನಗುಂದದಲ್ಲಿ ಡಿಗ್ರಿ ಓದುತ್ತಿದ್ದೆ. ದಿನಾ ಇಳಕಲ್ಲಿನಿಂದ ಬಸ್ಸು. ಕಾಲೇಜಿನ ಚರ್ಚಾ ಸ್ಪರ್ಧೆಗಳಿಗೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಬಾಗಲಕೋಟೆಯಿಂದ ಢಾಲು ಗೆದ್ದು ತಂದಿದ್ದೆ. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಯಾವ ಕಡೆ ನಿಲ್ಲಿಸಿದರೂ ಎದುರಿನವರ ಮಾತು ಎಲ್ಲಿ ಸಡಿಲಾಗಿದೆ ಎಂದು ಮೊದಲು ಹುಡುಕುವ ಚಟ ಅಲ್ಲಿಂದಲೇ ಹತ್ತಿದ್ದು. ಅಮಾವಾಸ್ಯೆ, ದೃಷ್ಟಿ, ವಾಸ್ತು, ಹಲ್ಲಿ ಲೊಚಗುಟ್ಟುವುದು, ಇವುಗಳ ಮೇಲೆ ನನಗೆ ಬರೀ ಅಪನಂಬಿಕೆ ಇರಲಿಲ್ಲ, ಸಿಟ್ಟಿತ್ತು. ನಮ್ಮ ಓಣಿಯಲ್ಲಿ ಈ ಸಿಟ್ಟಿಗೆ ಕೆಲಸಕ್ಕೇನೂ ಕಡಿಮೆ ಇರಲಿಲ್ಲ.

ಬ್ರಾಡ್‌ಬ್ಯಾಂಡ್ ಹಾಕಿಸಿದ್ದು ನನಗಾಗಿ ಅಲ್ಲ, ತಂಗಿಗಾಗಿ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ದೂರದ ಊರಿನ ಕಿವುಡು ಮಕ್ಕಳ ಸಾಲೆಯಲ್ಲಿ ಇದ್ದು ಓದಿ, ಮನೆಗೆ ವಾಪಸು ಬಂದು, ಪವರ್‌ಲೂಮಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. ಅವಳ ಭಾಷೆ ಕೈಯಲ್ಲಿತ್ತು. ಮನೆಯಲ್ಲಿ ಆ ಭಾಷೆ ಅರ್ಧಮರ್ಧ ಬರುತ್ತಿದ್ದದ್ದು ನನಗೊಬ್ಬಳಿಗೆ. ಅವ್ವನಿಗೆ ಊಟ, ನೀರು, ಬಾ, ಹೋಗು ಅಷ್ಟೇ ಬರುತ್ತಿತ್ತು. ಅಪ್ಪನಿಗೆ ಒಂದೇ ಒಂದು ಸನ್ನೆ ಬರುತ್ತಿತ್ತು: ಅಂಗೈ ಬೋರಲು ಮಾಡಿ ಕೆಳಗೆ ಒತ್ತುವುದು. ಕೈ ಇಳಿಸು ಎಂದು. ಸೀರೆ ವ್ಯಾಪಾರಿಗಳು ಗಾದಿಯ ಮೇಲೆ ಕೂತಿದ್ದಾಗ ಅವಳು ಕೈಯಾಡಿಸಿದರೆ ಅಪ್ಪ ಹಾಗೆ ಮಾಡುತ್ತಿದ್ದ. ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋಗುತ್ತಿದ್ದಳು.

ಪೂರಾ ಮಾತಾಡಲು ಅವಳಿಗೆ ಜಗತ್ತಿನಲ್ಲಿ ಇದ್ದವಳು ಒಬ್ಬಳು, ಸಾಲೆಯಲ್ಲಿ ಜೊತೆಗಿದ್ದ ಗೆಳತಿ. ಅವಳೂ ಕಿವುಡಿ. ಬಾಗಲಕೋಟೆಯ ನವನಗರದಲ್ಲಿ ಮನೆ, ಅಲ್ಲೇ ಅವಳ ಅಣ್ಣನದೊಂದು ಕಂಪ್ಯೂಟರ್ ಅಂಗಡಿ. ಮೊಬೈಲಿನಲ್ಲಿ ಮೆಸೇಜು ಕಳಿಸುತ್ತಿದ್ದರು, ಆದರೆ ಬರೆದ ಮಾತು ಇಬ್ಬರಿಗೂ ಪರರ ಮಾತು; ಇಂಥ ದಿನ ಇಂಥ ಹೊತ್ತಿಗೆ ಬಾ ಎನ್ನುವುದರಾಚೆಗೆ ಅದು ನಡೆಯುತ್ತಿರಲಿಲ್ಲ. ಹಳೇ ಡಯಲಪ್ಪಿನಲ್ಲಿ ಕ್ಯಾಮೆರಾ ಹಚ್ಚಿ ನೋಡಿದ್ದೆವು. ಎತ್ತಿದ ಕೈ ಎತ್ತಿದಲ್ಲೇ ನಿಂತು, ಮುಂದಿನ ಚಿತ್ರ ಬರುವಷ್ಟರಲ್ಲಿ ಮಾತೇ ಮುಗಿದಿರುತ್ತಿತ್ತು. ಬ್ರಾಡ್‌ಬ್ಯಾಂಡಿನಲ್ಲಿ ಕೈ ಕೈಯಾಗಿ ಕಾಣುತ್ತದೆ ಎಂದು ಗೆಳತಿಯ ಅಣ್ಣ ಹೇಳಿದ. ಅಪ್ಪನ ಜೊತೆ ಜಗಳಾಡಿ ಹಾಕಿಸಿದೆ.

ತಂಗಿಗೆ ಬಿಡುವು ಸಿಗುತ್ತಿದ್ದದ್ದು ಅಮಾವಾಸ್ಯೆಗೆ. ನಮ್ಮ ಓಣಿಯಲ್ಲಿ ಆ ದಿನ ಮಗ್ಗ ಮುಟ್ಟುವುದಿಲ್ಲ. ಮುಂಜಾನೆ ಪೂಜೆ ಮುಗಿಸಿ ಗಂಡಸರು ಜೀಪು ಹತ್ತಿ ಸಂಗಮದ ಗುಡಿಗೆ ಹೋಗುತ್ತಾರೆ. ಉಳಿದ ದಿನ ಗೋಡೆ ನಡುಗಿಸುವ ಖಟಪಟ ನಿಂತು, ಪಕ್ಕದ ಮನೆಯಲ್ಲಿ ಒಗ್ಗರಣೆ ಚಿಟಗುಟ್ಟಿದ್ದೂ ಕೇಳುತ್ತದೆ. ಬ್ರಾಡ್‌ಬ್ಯಾಂಡ್ ಬಂದ ಮೇಲಿನ ಮೊದಲ ಅಮಾವಾಸ್ಯೆಯ ಮಧ್ಯಾಹ್ನ ತಂಗಿ ತಲೆ ಬಾಚಿಕೊಂಡು, ನಡುಮನೆಯ ಕಂಪ್ಯೂಟರಿನ ಮುಂದೆ ಕೂತಳು. ಗೆಳತಿ ಕಂಡಳು. ಇಬ್ಬರ ಕೈಗಳೂ ಹಕ್ಕಿ ಬಿಟ್ಟಂತೆ ಹೊರಟವು. ಅಷ್ಟರಲ್ಲಿ ಮೋಡೆಮಿನ ಡಬ್ಬಿಯ ಮೇಲಿನ ಹಸಿರು ದೀಪ ಮಿಣುಕಿ ಆರಿತು. ಪರದೆಯ ಮೇಲೆ ಗೆಳತಿ ಬಾಯಿ ತೆರೆದು ಕಲ್ಲಾದಳು. ಬಿಸಿಲಿಳಿಯುವವರೆಗೆ ದೀಪ ಬರಲಿಲ್ಲ. ಆಮೇಲೆ ಬಂತು, ಅಷ್ಟರಲ್ಲಿ ಗೆಳತಿ ಎದ್ದು ಹೋಗಿದ್ದಳು.

ಮರುದಿನ ಬಂದ ಲೈನ್‌ಮನ್ ಹೇಳಿದ್ದೇ ಆ ಅಮಾಸಿಯ ಮಾತು. ಆದರೂ ನನ್ನ ಬಾಯಿಗೆ ಹೆದರಿ ಫೋನಿಗೂ ಮೋಡೆಮಿಗೂ ನಡುವಿನ ಬಿಳಿ ಡಬ್ಬಿಯನ್ನು ಬದಲಾಯಿಸಿ ಹೋದ. ಅದರ ಹೆಸರು ಸ್ಪ್ಲಿಟರ್. ಒಂದೇ ತಂತಿಯಲ್ಲಿ ಬರುವ ಫೋನಿನ ಮಾತನ್ನೂ ಇಂಟರ್ನೆಟ್ಟನ್ನೂ ಸೋಸಿ ಬೇರೆ ಮಾಡುವುದು ಅದರ ಕೆಲಸ. ಅದಿದ್ದರೆ ಒಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರೂ ಇಂಟರ್ನೆಟ್ಟು ನಿಲ್ಲುವುದಿಲ್ಲ.

ಆ ತಿಂಗಳೆಲ್ಲ ದೀಪ ಗಟ್ಟಿಯಾಗಿ ಉರಿಯಿತು. ನಾನು ದಿನಾ ಕಾಲೇಜಿನಿಂದ ಬಂದು ಪರೀಕ್ಷೆ ಮಾಡುತ್ತಿದ್ದೆ. ಫೋನು ಎತ್ತಿ ನೋಡಿದೆ, ಮಿಕ್ಸರ್ ಹಚ್ಚಿ ನೋಡಿದೆ, ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ನೋಡಿದೆ. ಏನೂ ಆಗಲಿಲ್ಲ. ಹೀಗೆ ಕೆಡದೇ ಇರುವ ಯಂತ್ರದಷ್ಟು ಸಿಟ್ಟು ತರಿಸುವ ವಸ್ತು ಇನ್ನೊಂದಿಲ್ಲ. ಅಪ್ಪ ಮಾತ್ರ ಪ್ರತಿ ಊಟಕ್ಕೂ ಉಪ್ಪಿನಕಾಯಿಯಂತೆ ಅದನ್ನೇ ನೆಂಚಿಕೊಳ್ಳುತ್ತಿದ್ದ.

"ಅಮಾಸಿ ಮ್ಯಾಲೆ ನಂಬಿಕಿ ಬಂತೋ ಇಲ್ಲೋ?"

"ಎರಡು ಸಂಗತಿ ಒಮ್ಮಿಗೇ ಆದ್ರ ಒಂದಕ್ಕ ಇನ್ನೊಂದು ಕಾರಣ ಅಂತ ಅಲ್ಲಪ್ಪಾ."

"ಹಂಗಾರ ಕಾರಣ ಏನು? ಹೇಳು. ಕಪ್ ಗೆದ್ದಾಕಿ ಅದೀ."

ಕಾರಣ ನನ್ನ ಹತ್ತಿರ ಇರಲಿಲ್ಲ. ವಾದದಲ್ಲಿ ಎದುರಾಳಿಯ ಕಾರಣ ಒಡೆದರೆ ಸಾಕು, ಗೆಲ್ಲಬಹುದು. ಮನೆಯಲ್ಲಿ ಹಾಗೆ ನಡೆಯುವುದಿಲ್ಲ. ತಪ್ಪು ಕಾರಣ ಇದ್ದವನು ಏನೂ ಇಲ್ಲದವಳಿಗಿಂತ ದೊಡ್ಡವನು.

ಎರಡನೆಯ ಅಮಾವಾಸ್ಯೆಗೆ ಮುಂಚೆ ಗೆಳತಿಯ ಮೆಸೇಜು ಬಂತು. ಮದುವೆ ಗೊತ್ತಾಗಿದೆ, ಮಿರಜಿನ ಕಡೆಯ ಮನೆ. ಹುಡುಗನಿಗೆ ಕಿವಿ ಕೇಳಿಸುತ್ತದೆ, ಮನೆಯಲ್ಲಿ ಕಂಪ್ಯೂಟರಿಲ್ಲ. ತಂಗಿ ಅದನ್ನು ನನಗೆ ತೋರಿಸಿ, ಮೊಬೈಲನ್ನು ನನ್ನ ತೊಡೆಯ ಮೇಲೆ ಎಸೆದು ಕಂಡಿಕೆ ಸುತ್ತಲು ಹೋದಳು.

ಆ ಅಮಾವಾಸ್ಯೆಯೂ ಅದೇ ಕತೆ. ಗೆಳತಿ ಕಂಡಳು, ದೀಪ ಆರಿತು. ಆಗ ಅವ್ವ ಫೋನಿನಲ್ಲಿ ಆಯಿಯ ಜೊತೆ ಮಾತಾಡುತ್ತಿದ್ದಳು. ಆಯಿ ಎಂದರೆ ಅವ್ವನ ಅವ್ವ, ಬಾದಾಮಿಯವಳು. ಮಗ್ಗ ಓಡುವ ದಿನ ಫೋನಿನಲ್ಲಿ ಏನೂ ಕೇಳುವುದಿಲ್ಲವಾದ್ದರಿಂದ ಅವಳು ಫೋನು ಹಚ್ಚುತ್ತಿದ್ದದ್ದು ಅಮಾವಾಸ್ಯೆಗೇ. ಸ್ಪ್ಲಿಟರ್ ಹೊಸದು, ಫೋನಿನಿಂದ ತೊಂದರೆ ಆಗಬಾರದು. ಆದರೂ "ಇಡವ್ವಾ ಅದನ್ನ" ಎಂದು ಕೂಗಿದೆ. ಅವ್ವ ಮುಖ ಗಂಟಿಕ್ಕಿ ಇಟ್ಟಳು. ದೀಪ ಬರಲಿಲ್ಲ. ಅಲ್ಲಿಗೆ ಫೋನು ನಿರ್ದೋಷಿ ಎಂದು ತೀರ್ಪು ಕೊಟ್ಟು, ನನ್ನ ಮೊಬೈಲಿನಿಂದ ಕಂಪನಿಯ ಸಹಾಯದ ನಂಬರಿಗೆ ಹಚ್ಚಿದೆ. ಹಾಡು ಕೇಳಿಸಿ ಕೇಳಿಸಿ ಕೊನೆಗೆ ಬೆಂಗಳೂರು ಕಡೆಯ ಒಬ್ಬ ಹುಡುಗ ಸಿಕ್ಕ.

"ಲೈಟ್ ಬ್ಲಿಂಕ್ ಆಗ್ತಾ ಇದ್ಯಾ ಮೇಡಂ?"

"ಲೈಟೇ ಇಲ್ರಿ."

"ಒಂದು ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಮಾಡೀನ್ರಿ. ನೀವು ಹೇಳೂಕಿಂತ ಮದ್ಲ ಮಾಡೀನಿ. ಬ್ಯಾರೇ ಏನರ ಗೊತ್ತಿದ್ರ ಹೇಳ್ರಿ, ಇಲ್ಲಾಂದ್ರ ಗೊತ್ತಿದ್ದವ್ರಿಗೆ ಕೊಡ್ರಿ."

ಹುಡುಗ, "ಲ್ಯಾಂಡ್‌ಲೈನ್ ಎತ್ತಿ ಡಯಲ್ ಟೋನ್ ಕ್ಲಿಯರ್ ಆಗಿದ್ಯಾ ನೋಡಿ ಮೇಡಂ" ಎಂದ.

ಎತ್ತಿದೆ. ಡಯಲ್ ಟೋನ್ ಇರಲಿಲ್ಲ. ಆಯಿಯ ದನಿ ಇತ್ತು.

"ಅಕಿ ಯಾಕ ಅಷ್ಟ ಲಗೂನ ಇಟ್ಲು?"

ಇನ್ನೊಂದು ದನಿ ಉತ್ತರಿಸಿತು: "ದೊಡ್ಡಾಕಿ ಬಂದಿರಬೇಕು ತಗಿ. ವಕೀಲಗಿತ್ತಿ. ಅಕಿ ಮುಂದ ಅಕ್ಕ ಉಸುರು ಬಿಡಬೇಕಂದ್ರೂ ಅರ್ಜಿ ಹಾಕಬೇಕು."

ಇಬ್ಬರೂ ನಕ್ಕರು. ಆ ಎರಡನೆಯ ದನಿ ನಮ್ಮ ಚಿಗವ್ವನದು.

ಇಲ್ಲಿ ಒಂದು ಮಾತು ಹೇಳಬೇಕು. ಚಿಗವ್ವ ಅವ್ವನ ಒಡಹುಟ್ಟಿದ ತಂಗಿ, ಮತ್ತು ನಮ್ಮ ಕಾಕಾನ ಹೆಂಡತಿ. ಅಕ್ಕತಂಗಿಯರನ್ನು ಅಣ್ಣತಮ್ಮಂದಿರಿಗೆ ಕೊಟ್ಟರೆ ಮನೆ ಒಡೆಯುವುದಿಲ್ಲ ಎಂದು ಹಿರಿಯರು ಲೆಕ್ಕ ಹಾಕಿದ್ದರು. ಒಡೆಯಿತು. ಅಪ್ಪ ಕಾಕಾ ಮಗ್ಗ ಹಂಚಿಕೊಂಡರು, ಮನೆಯ ನಡುವೆ ಗೋಡೆ ಎಬ್ಬಿಸಿದರು, ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯುವುದಿಲ್ಲ ಎಂದು ಹೆಂಡಂದಿರ ಪರವಾಗಿಯೂ ತಾವೇ ಆಣೆ ಹಾಕಿದರು. ಅಮಾವಾಸ್ಯೆಗೆ ಇಬ್ಬರೂ ಹೋಗುತ್ತಿದ್ದದ್ದು ಅದೇ ಸಂಗಮಕ್ಕೆ, ಬೇರೆ ಬೇರೆ ಜೀಪಿನಲ್ಲಿ. ಹಿಂದೆ ಕೂಡಿದ್ದಾಗ ನಮ್ಮ ಫೋನಿನ ಒಂದು ಕವಲು ಆ ಕಡೆಯ ಕೋಣೆಗೂ ಹೋಗಿತ್ತು. ಕಾಕಾ ಮೊಬೈಲ್ ತಗೊಂಡ ಮೇಲೆ ಅದನ್ನು ಕೀಳಿಸಿದೆ ಎಂದು ಎಲ್ಲರ ಮುಂದೆ ಹೇಳಿದ್ದ. ಕಿತ್ತದ್ದು ಫೋನನ್ನು ಮಾತ್ರ. ತಂತಿ ಗೋಡೆಯಲ್ಲಿ, ಸುಣ್ಣದ ಕೆಳಗೆ ಜೀವಂತ ಇತ್ತು. ಚಿಗವ್ವ ಆ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, ಅಮಾವಾಸ್ಯೆಯ ಮಧ್ಯಾಹ್ನ ಕಾಕಾನ ಜೀಪು ಓಣಿ ದಾಟಿದ ಮೇಲೆ ತೆಗೆದು ತಂತಿಗೆ ಸಿಕ್ಕಿಸುತ್ತಿದ್ದಳು. ಬಾದಾಮಿಯಿಂದ ಆಯಿ ಹಚ್ಚಿದರೆ ಗೋಡೆಯ ಆಚೆ ಒಬ್ಬಳು, ಈಚೆ ಒಬ್ಬಳು. ಆ ಕವಲಿಗೆ ಸೋಸುವ ಡಬ್ಬಿ ಇರಲಿಲ್ಲ. ಚಿಗವ್ವ ಫೋನು ಎತ್ತಿದಳೆಂದರೆ ನಮ್ಮ ದೀಪ ಆರುತ್ತಿತ್ತು.

ಅಂದರೆ ಲೈನ್‌ಮನ್ ಹೇಳಿದ್ದು ನಿಜ. ಅಮಾಸಿ ದಿನವೇ ಕೆಡುತ್ತಿತ್ತು. ಆ ಮನುಷ್ಯ ಸರಿಯಾಗಿದ್ದನೆಂಬುದು ಇಂದಿಗೂ ನನ್ನ ಗಂಟಲಲ್ಲಿ ಇಳಿದಿಲ್ಲ.

ರಿಸೀವರ್ ಇಟ್ಟು ತಿರುಗಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಗ ಗೊತ್ತೈತೇನು?" ಎಂದೆ.

"ಗೊತ್ತಿದ್ರ ತಂತಿ ಇರ್ತಿತ್ತೇನು?"

"ನಿಮ್ಮ ಹರಟಿ ಸಲುವಾಗಿ ಅಕಿ ಬಾಯಿ ಕಟ್ಟಾಕತ್ತೀರಿ. ಗೊತ್ತೈತೇನು ನಿನಗ? ಅಲ್ಲಿ ಚಿಗವ್ವ ಫೋನ್ ಎತ್ತಿದ್ರ ಇಲ್ಲಿ ಅಕಿದು ಬಂದ್."

ಅವ್ವನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಳುತ್ತಾಳೆ, ಆಮೇಲೆ ಬಿಟ್ಟುಕೊಡುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಳಲಿಲ್ಲ.

"ಅಕಿಗಿ ಒಬ್ಬಾಕಿ ಗೆಳತಿ. ನನಗ ಒಬ್ಬಾಕಿ ತಂಗಿ. ಯಾವದು ಹರೀತಿ ಹರಿ. ನೀ ಶಾಣ್ಯಾಕಿ ಅದಿ."

ತಂಗಿ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಏನಂತೆ ಎಂದು ಕೈಯಲ್ಲಿ ಕೇಳಿದಳು. ಹೇಳಿದೆ, ನನಗೆ ಬರುವಷ್ಟು ಸನ್ನೆಯಲ್ಲಿ: ಗೋಡೆ, ತಂತಿ, ಚಿಗವ್ವ. ಅವಳು ಒಂದು ಚಣವೂ ಯೋಚಿಸದೆ ಎರಡು ಬೆರಳನ್ನು ಕತ್ತರಿ ಮಾಡಿದಳು. ಕತ್ತರಿಸು.

ಅವ್ವ ಪಾಪ ಎಂದು ಕೈಯಲ್ಲೇ ಹೇಳಿದೆ.

ಅವಳ ಕೈ ನನ್ನ ಮುಖದ ಹತ್ತಿರಕ್ಕೇ ಬಂತು. ಅವರಿಗೆ ಬಾಯಿದೆ, ಗೋಡೆಯ ಮೇಲಿಂದ ಒದರಲಿ. ನನಗೇನಿದೆ?

ಎದುರಾಳಿಯ ಮಾತಿನಲ್ಲಿ ಸಡಿಲು ಹುಡುಕುವ ನನಗೆ ಆ ದಿನ ಎರಡೂ ಕಡೆ ಒಂದೂ ಸಿಗಲಿಲ್ಲ.

ಮೋಡೆಮಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಚಿತ್ರದ ಹಾಳೆ ಬಂದಿತ್ತು. ಯಾರೂ ನೋಡಿರಲಿಲ್ಲ, ಲೈನ್‌ಮನ್ ಅಂತೂ ನೋಡೇ ಇರಲಿಲ್ಲ. ಅದರಲ್ಲಿ ಉತ್ತರ ಇತ್ತು: ತಂತಿ ಮನೆಯೊಳಗೆ ಬರುವಲ್ಲೇ ಮೊದಲು ಸ್ಪ್ಲಿಟರ್ ಹಾಕಬೇಕು, ಎಷ್ಟು ಫೋನುಗಳಿದ್ದರೂ ಅದರ ಹಿಂದೆ ಇರಬೇಕು. ನಮ್ಮ ತಂತಿ ಒಳಗೆ ಬರುತ್ತಿದ್ದದ್ದು ಪಡಸಾಲೆಯ ಮೂಲೆಯಲ್ಲಿ, ಬಾಗಿಲ ಮೇಲೆ, ಒಂದು ಕರೀ ಡಬ್ಬಿಗೆ. ಅಲ್ಲಿಂದ ಒಂದು ಕವಲು ನಡುಮನೆಗೆ, ಇನ್ನೊಂದು ಸುಣ್ಣದೊಳಗೆ ಮುಳುಗಿ ಗೋಡೆಯಾಚೆಗೆ. ಸ್ಪ್ಲಿಟರನ್ನು ಅಲ್ಲಿಗೆ ಒಯ್ದರೆ ಏನನ್ನೂ ಕತ್ತರಿಸುವುದು ಬೇಕಿಲ್ಲ. ಆದರೆ ಮೋಡೆಮಿನ ತಂತಿ ಗೇಣುದ್ದ. ಉದ್ದ ತಂತಿ ಎಳೆಸಲು ಲೈನ್‌ಮನ್‌ನನ್ನು ಕರೆದರೆ ಅವನು ಕವಲು ನೋಡುತ್ತಾನೆ, ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಹಾಗಾದರೆ ಕಂಪ್ಯೂಟರೇ ಪಡಸಾಲೆಗೆ ಹೋಗಬೇಕು. ವ್ಯಾಪಾರಿಗಳು ಕೂಡುವ ಗಾದಿಯ ಪಕ್ಕಕ್ಕೆ. ತಂಗಿ ಕೈ ಇಳಿಸಬೇಕಾದ ಜಾಗಕ್ಕೇ.

ಅಪ್ಪನನ್ನು ಒಪ್ಪಿಸಬೇಕಿತ್ತು, ನಿಜವಾದ ಕಾರಣ ಹೇಳುವಂತಿರಲಿಲ್ಲ. ಎರಡು ದಿನ ಒಳ್ಳೊಳ್ಳೆಯ ಕಾರಣ ಹೊಸೆದೆ. ಗಾಳಿ ಆಡುತ್ತದೆ, ಬೆಳಕಿದೆ, ಯಂತ್ರ ತಂಪಾಗಿರುತ್ತದೆ. ಅಪ್ಪ ಎಲ್ಲವನ್ನೂ "ನಡುಮನಿಯಾಗ ಇರಲಿ" ಎಂಬ ಒಂದೇ ಮಾತಿನಿಂದ ಒಡೆದ. ಮೂರನೆಯ ದಿನ ಹಲ್ಲು ಕಚ್ಚಿ ಹೇಳಿದೆ:

"ಈ ಮೋಡೆಮ್ ಪಡಸಾಲಿ ಈಶಾನ್ಯ ಮೂಲ್ಯಾಗ ಇರಬೇಕಂತ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾರಂದ್ರು?"

"ತಿಳದವರು."

"ನೀ ಯಾವತ್ತಿಂದ ತಿಳದವರ ಮಾತು ಕೇಳಾಕತ್ತಿ?"

"ಎರಡು ಅಮಾಸಿ ಆದ ಮ್ಯಾಲೆ."

ಅವನ ಮುಖದಲ್ಲಿ ಬಂದ ಖುಷಿ ನನಗೆ ಸಹಿಸಲಾಗಲಿಲ್ಲ. ಢಾಲು ತಂದ ದಿನವೂ ಅವನು ಅಷ್ಟು ಅರಳಿರಲಿಲ್ಲ. ಆದರೂ ಒಂದು ಕೊಕ್ಕೆ ಇಟ್ಟ: "ಮಂದಿ ಬರೂ ಜಾಗ. ಅಕಿ ಕೈ ಆಡಸೂದು ಎಲ್ಲಾರೂ ನೋಡ್ತಾರ."

"ಅಮಾಸಿ ದಿನ ಯಾರು ಬರ್ತಾರಪ್ಪಾ? ಮಗ್ಗಾನ ಬಂದ್."

ಒಪ್ಪಿದ. ಒಪ್ಪಿದ್ದಲ್ಲದೆ ಓಣಿಯ ತುಂಬ ಸಾರಿದ. ಬಸ್ಸಿಗೆ ನಿಂತಾಗ ನೇಕಾರರ ಹೆಣ್ಣುಮಕ್ಕಳು "ಏನ್ರೀ ಬಾಯಾರ, ನಮ್ಮ ಮನೀದೂ ವಾಸ್ತು ನೋಡ್ತೀರೇನ್ರಿ?" ಎಂದು ಕೇಳತೊಡಗಿದರು. ಲೈನ್‌ಮನ್ ಸೈಕಲ್ಲಿನಿಂದಲೇ ನನಗೆ ನಮಸ್ಕಾರ ಮಾಡಿದ. ಉತ್ತರ ಕೊಡಲಿಲ್ಲ. ಬಾಯಲ್ಲಿ ಉತ್ತರ ಇತ್ತು, ಬಹಳ ಚೆನ್ನಾದದ್ದೇ ಇತ್ತು.

ಅಪ್ಪ ಮಗ್ಗದ ಸೂತಿನ ಖರೀದಿಗೆ ಹೋದ ಒಂದು ದಿನ ಸ್ಟೂಲು ಹತ್ತಿ, ಚೂರಿಯಿಂದ ತಂತಿಯ ತುದಿ ಸುಲಿದು, ಕರೀ ಡಬ್ಬಿಯೊಳಗೆ ಬೆಸೆದೆ. ಹೊರಗಿನ ತಂತಿ ಸ್ಪ್ಲಿಟರಿಗೆ, ಎರಡೂ ಕವಲು ಅದರ ಫೋನಿನ ತೂತಿಗೆ, ಮೋಡೆಮ್ ಇನ್ನೊಂದಕ್ಕೆ. ಅವ್ವ ಕೆಳಗೆ ಸ್ಟೂಲು ಹಿಡಿದು, "ಹರೀಲಿಲ್ಲ ಹೌದಿಲ್ಲೋ?" ಎಂದು ಕೇಳುತ್ತಲೇ ಇದ್ದಳು.

ಮೂರನೆಯ ಅಮಾವಾಸ್ಯೆ. ಅದರ ಮುಂದಿನ ವಾರ ಗೆಳತಿಯ ಮದುವೆ. ಎರಡು ಜೀಪುಗಳೂ ಹೋದವು. ತಂಗಿ ಪಡಸಾಲೆಯಲ್ಲಿ ಕೂತಳು, ಬೀದಿಬಾಗಿಲಿಗೆ ಮುಖ ಮಾಡಿ. ಆ ಮೂಲೆಯಲ್ಲಿ ಬೇರೆ ರೀತಿ ಕೂಡಲು ಜಾಗ ಇರಲಿಲ್ಲ. ಗೆಳತಿ ಕಂಡಳು. ಕೈತುಂಬ ಹೊಸ ಬಳೆ ಇಟ್ಟಿದ್ದಳು, ಕೈಯಾಡಿಸಿದಾಗೆಲ್ಲ ಅವು ಮೇಲೆ ಕೆಳಗೆ ಸರಿದು ಮಾತಿಗೆ ಅಡ್ಡ ಬರುತ್ತಿದ್ದವು. ತಂಗಿ ಅವನ್ನು ತೆಗೆ ಎಂದು ಬೈದಳು. ನಡುಮನೆಯಲ್ಲಿ ಫೋನು ಬಡಕೊಂಡಿತು. ಅವ್ವ ಎತ್ತಿದಳು. ಗೋಡೆಯಾಚೆ ಹಿಟ್ಟಿನ ಡಬ್ಬಿಯ ಮುಚ್ಚಳ ಠಣ್ ಎಂದಿತು. ನಾನು ಹಸಿರು ದೀಪವನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

ಅವರ ಮಾತು ನನಗೆ ಅರ್ಧ ತಿಳಿಯಿತು. ಅತ್ತೆಗೆ ಸನ್ನೆ ಕಲಿಸು ಎಂದು ತಂಗಿ ಹೇಳಿದಳು. ಯಾರೂ ಕಲಿಯುವುದಿಲ್ಲ, ನಿನ್ನ ಮನೆಯಲ್ಲಿ ಎಷ್ಟು ಜನ ಕಲಿತರು ಎಂದು ಗೆಳತಿ ಕೇಳಿದಳು. ಅದಾದ ಮೇಲೆ ಕೈಗಳು ನನಗೆ ಸಿಗದಷ್ಟು ವೇಗವಾದವು, ನಾನು ನೋಡುವುದನ್ನು ಬಿಟ್ಟೆ.

ಜೀಪಿನ ಸದ್ದಾಯಿತು. ಇಷ್ಟು ಬೇಗ ಬರುವ ಹೊತ್ತಲ್ಲ. ಸಂಗಮದಲ್ಲಿ ಅಪ್ಪನಿಗೆ ಸೊಲ್ಲಾಪುರದ ಸೀರೆ ವ್ಯಾಪಾರಿಯೊಬ್ಬ ಸಿಕ್ಕಿದ್ದನಂತೆ, ಅವನನ್ನು ಕರೆದುಕೊಂಡೇ ಬಂದಿದ್ದ. ಇಬ್ಬರೂ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತರು. ಒಳಗೆ ಅವ್ವ ದನಿ ಬದಲಿಸದೆ "ಹೂಂ ಯವ್ವಾ, ಹೂಂ ಯವ್ವಾ" ಎನ್ನುತ್ತಲೇ ಇದ್ದಳು.

ತಂಗಿ ತಲೆ ಎತ್ತಿ ನೋಡಿದಳು. ಅವಳ ಕೈ ಗಾಳಿಯಲ್ಲಿ ನಿಂತಿತು. ಅಪ್ಪ ವ್ಯಾಪಾರಿಯ ಹೆಗಲ ಪಕ್ಕದಿಂದ ತನ್ನ ಅಂಗೈಯನ್ನು ಬೋರಲು ಮಾಡಿ ಒತ್ತಿದ. ಒಮ್ಮೆ, ಮತ್ತೊಮ್ಮೆ. ಪರದೆಯ ಮೇಲೆ ಗೆಳತಿ ಏನಾಯ್ತು, ಏನಾಯ್ತು ಎಂದು ಕೇಳುತ್ತಿದ್ದಳು. ನಾನು ಬಾಯಿ ತೆರೆದೆ. ನನ್ನ ಹತ್ತಿರ ಒಂದು ಭಾಷಣವೇ ಸಿದ್ಧವಿತ್ತು.

ತಂಗಿ ತನ್ನ ಅಂಗೈಯನ್ನು ಅಪ್ಪನಿಗೆ ಎದುರಾಗಿ ಎತ್ತಿ ಹಿಡಿದಳು. ತಡಿ. ಇದಕ್ಕೆ ಯಾರೂ ಅರ್ಥ ಹೇಳಬೇಕಿರಲಿಲ್ಲ. ಆಮೇಲೆ ಪರದೆಯ ಕಡೆ ತಿರುಗಿ, ಬಿಟ್ಟ ಮಾತು ಮುಂದುವರಿಸಿದಳು.

"ಏನ್ರಿ ಅದು?" ಎಂದ ವ್ಯಾಪಾರಿ, ಕುತ್ತಿಗೆ ಚಾಚಿ.

ಅಪ್ಪ ನನ್ನತ್ತ ನೋಡಿದ. ನನ್ನನ್ನು ಹೊಡೆಯುವ ನೋಟ ಅದು. ಅದೇ ಮುಖದಲ್ಲೇ ಹೇಳಿದ:

"ಮಗಳರಿ. ಮಾತಾಡಾಕತ್ತಾಳ. ಈಗೇನು ಮುಗ್ಯಂಗಿಲ್ಲ ಅದು. ಬರ್ರಿ, ಹಿತ್ತಲದಾಗ ಕುಂಡ್ರೂಣು."

ನಾನು ಸೀರೆಯ ಗಂಟು ಹೊತ್ತು ಹಿತ್ತಲಿಗೆ ಹೋದೆ. ತಂಗಿ ಮತ್ತು ಗೆಳತಿಯ ಮಾತು ಮುಗಿಯುವಷ್ಟರಲ್ಲಿ ವ್ಯಾಪಾರಿ ಎರಡು ಸಲ ಚಹಾ ಕುಡಿದು, ಹಿತ್ತಲ ಬಾಗಿಲಿನಿಂದಲೇ ಹೋಗಿಬಿಟ್ಟಿದ್ದ.